ಮೀಸೆಯ ಸ್ಟಾಫ್ ನರ್ಸ್

ಕೆಲವರಿಗೆ ಸಿಹಿತಿಂಡಿ ಕಂಡರೆ ಕೈ ತಡೆಯುವುದಿಲ್ಲ, ಕೆಲವರಿಗೆ ಸೀರೆಯಂಗಡಿ ಕಂಡರೆ ಕಾಲು ತಡೆಯುವುದಿಲ್ಲ. ನನ್ನ ದೌರ್ಬಲ್ಯ ಇವೆರಡಕ್ಕಿಂತ ಅಗ್ಗದ್ದು. ಎಲ್ಲಾದರೂ ಒಂದು ಸ್ವಿಚ್ಚು ಕಂಡರೆ, ಅದನ್ನು ಒತ್ತಿದರೆ ಏನಾಗುತ್ತದೆ ಎಂದು ತಿಳಿಯುವವರೆಗೆ ನನಗೆ ನೆಮ್ಮದಿಯಿಲ್ಲ. ಚಿಕ್ಕವಳಿದ್ದಾಗ ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಹೊಸದಾಗಿ ನೀರಿನ ಪಂಪು ಬಂತು. ಅದರ ಸ್ವಿಚ್ಚು ಒತ್ತಿ, ಮೇಲಿನ ಟಾಂಕಿ ಉಕ್ಕಿ ಹರಿದು, ಟೆರೇಸಿನಲ್ಲಿ ಒಣಗಿ ಗರಿಗರಿಯಾಗಿದ್ದ ಪಕ್ಕದ ಮನೆಯ ಹಪ್ಪಳಗಳೆಲ್ಲ ಮತ್ತೆ ಹಿಟ್ಟಾಗುವಂತೆ ಮಾಡಿದವಳು ನಾನೇ. ಉಡುಪಿ ಕಡೆಯ ನನ್ನ ಅಜ್ಜಿ "ನಿನ್ನ ಬೆರಳಿಗೆ ಎಂತ ಶನಿ ಹೊಕ್ಕಿದೆ ಮಾರಾಯ್ತಿ" ಎಂದು ಬೈದರು. ಹಪ್ಪಳ ಕಳೆದುಕೊಂಡ ಅಂಬಕ್ಕ ವಿಜಯಪುರದವರು. ಅವರು ಬೈಯದೆ, "ಹೋಗ್ಲಿ ಬಿಡ್ರೀ, ಕೂಸು ನೋಡಿ ಕಲೀತದ" ಎಂದರು. ಮರಾಠಿ ಶಾಲೆಗೆ ಹೋಗುತ್ತಿದ್ದ ನನಗೆ ಕನ್ನಡ ಸಿಕ್ಕಿದ್ದು ಈ ಇಬ್ಬರ ಬಾಯಿಂದ, ಒಬ್ಬರ ಬೈಗುಳದಿಂದ ಮತ್ತು ಇನ್ನೊಬ್ಬರ ಸಮಾಧಾನದಿಂದ. ಹಾಗಾಗಿ ಉಡುಪಿಯವರು ನನ್ನನ್ನು ಘಟ್ಟದ ಮೇಲಿನವಳು ಅನ್ನುತ್ತಾರೆ, ವಿಜಯಪುರದವರು ಘಟ್ಟದ ಕೆಳಗಿನವಳು ಅನ್ನುತ್ತಾರೆ. ಘಟ್ಟವನ್ನು ನಾನು ನೋಡಿದ್ದು ರೈಲಿನ ಕಿಟಕಿಯಿಂದ ಮಾತ್ರ, ಅದೂ ಖಂಡಾಲಾದ್ದು.

ದೊಡ್ಡವಳಾದ ಮೇಲೆ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಸಿಬ್ಬಂದಿ ಅಧಿಕಾರಿಯಾದೆ. ಅಧಿಕಾರಿ ಎಂದರೆ ನೀವು ದೊಡ್ಡ ಮೇಜು, ಗಂಟೆ, ಜವಾನ ಎಂದೆಲ್ಲ ಊಹಿಸಿಕೊಳ್ಳಬೇಡಿ. ನನ್ನ ಕೋಣೆ ಎಕ್ಸ್‌ರೇ ವಿಭಾಗಕ್ಕೂ ಲಿನನ್ ಕೋಣೆಗೂ ನಡುವೆ ಉಳಿದುಹೋದ ಜಾಗ. ನನ್ನ ಕೆಲಸ, ಹೊಸದಾಗಿ ಸೇರಿದ ನರ್ಸುಗಳನ್ನು ಸೇರಿಸಿಕೊಳ್ಳುವುದು. ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ನಮ್ಮಲ್ಲಿ ನರ್ಸುಗಳು ಒಂದು ಬಾಗಿಲಿನಿಂದ ಬಂದು, ಕೆಲಸ ಕಲಿತು, ಇನ್ನೊಂದು ಬಾಗಿಲಿನಿಂದ ಸಾನಪಾಡಾದ ಕಡೆಯ ದೊಡ್ಡ ಆಸ್ಪತ್ರೆಗಳಿಗೋ ಕೊಲ್ಲಿ ದೇಶಗಳಿಗೋ ಹೋಗುತ್ತಿರುತ್ತಾರೆ. ಮೊದಲೆಲ್ಲ ಒಬ್ಬ ನರ್ಸು ಸೇರುವುದೆಂದರೆ ಒಂದು ತೀರ್ಥಯಾತ್ರೆ. ಎದುರಿನ ಝೆರಾಕ್ಸ್ ಅಂಗಡಿಗೆ ಹೋಗು, ಫೋಟೋ ತೆಗೆಸು, ಕಾಮಾಲೆಯ ಚುಚ್ಚುಮದ್ದಿನ ಚೀಟಿ ತಾ, ಯೂನಿಫಾರ್ಮಿಗೆ ಅಳತೆ ಕೊಡು, ಮೇಟ್ರನ್ನರನ್ನು ನೋಡು, ಅವರು ರೌಂಡ್ಸಿಗೆ ಹೋಗಿದ್ದಾರೆ, ನಾಳೆ ಬಾ. ಕೆಲವು ಹುಡುಗಿಯರ ಗುರುತಿನ ಚೀಟಿ ತಯಾರಾಗಿ ಬರುವಷ್ಟರಲ್ಲಿ ಅವರು ಸಾನಪಾಡಾದಲ್ಲಿ ಕೆಲಸಕ್ಕೆ ಸೇರಿ ಆಗಿರುತ್ತಿತ್ತು.

ಹೀಗಿರುವಾಗ ನಮ್ಮ ಟ್ರಸ್ಟಿಗಳು ಇದನ್ನೆಲ್ಲ ಯಂತ್ರಕ್ಕೆ ವಹಿಸುವುದೆಂದು ತೀರ್ಮಾನಿಸಿ, ಖಾರಘರದ ಒಂದು ಕಂಪನಿಯಿಂದ ನಿಖಿಲ್ ಶೆಟ್ಟಿ ಎಂಬ ಹುಡುಗನನ್ನು ಕರೆಸಿದರು. ಹೆಸರು ಕೇಳಿ ಖುಷಿಯಾಗಿ ನಾನು ಕನ್ನಡದಲ್ಲೇ ಶುರುಮಾಡಿದೆ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಆಂಟಿ, ಆಪ್ ಕನ್ನಡಾ ಮೇ ಬೋಲೋ, ಅಚ್ಛಾ ಲಗ್ತಾ ಹೈ. ಮೇರೀ ನಾನೀ ಐಸೇ ಹೀ ಬೋಲ್ತೀ ಥೀ" ಅಂದ. ಅವನ ತಾಯಿಯ ವಯಸ್ಸಿನವಳಾದ ನನ್ನನ್ನು ಒಂದೇ ಮಾತಿನಲ್ಲಿ ಅವನ ಅಜ್ಜಿಯ ಪಕ್ಕದಲ್ಲಿ ಕೂರಿಸಿದ.

ನಿಖಿಲ್ ಈ ಸೇರ್ಪಡೆಯನ್ನು ಆನ್‌ಬೋರ್ಡಿಂಗ್ ಅನ್ನುತ್ತಾನೆ. ಡೊಂಬಿವಲಿಯವರಿಗೆ ಬೋರ್ಡಿಂಗ್ ಎಂದರೆ ಬೆಳಗಿನ ಫಾಸ್ಟ್ ಲೋಕಲ್. ಅಲ್ಲಿ ನಾವಾಗಿ ಹತ್ತುವುದಿಲ್ಲ, ಹಿಂದಿನವರು ಹತ್ತಿಸುತ್ತಾರೆ. ಅವನ ಯಂತ್ರವೂ ಹಾಗೆಯೇ. ಹುಡುಗಿ ತನ್ನ ಊರಿನಲ್ಲಿರುವಾಗಲೇ ಅವಳ ಫೋನಿಗೆ ಸಂದೇಶ ಹೋಗುತ್ತದೆ. ಸರ್ಟಿಫಿಕೇಟಿನ ಫೋಟೋ ತೆಗೆದು ಹಾಕಿ, ಯೂನಿಫಾರ್ಮಿನ ಅಳತೆ ಕೊಡಿ, ನಿಮ್ಮ ಮುಖದ ಫೋಟೋ ತೆಗೆಯಿರಿ, ಈ ಪಾಠದ ವಿಡಿಯೋ ನೋಡಿ, ಪ್ರಶ್ನೆಗೆ ಉತ್ತರಿಸಿ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಎಲ್ಲ ಮುಗಿದರೆ ನನ್ನ ಪರದೆಯ ಮೇಲೆ ಅವಳ ಹೆಸರು ಹಸಿರಾಗುತ್ತದೆ. ಕಾರ್ಡು ತಾನೇ ಅಚ್ಚಾಗುತ್ತದೆ, ಯೂನಿಫಾರ್ಮು ತಾನೇ ಬರುತ್ತದೆ. ಹುಡುಗಿ ಬಂದು ಗೇಟಿಗೆ ಕಾರ್ಡು ತೋರಿಸಿದರೆ ಸೀದಾ ವಾರ್ಡಿಗೆ ಹೋಗಬಹುದು. ನನಗಂತೂ ಸ್ವರ್ಗವೇ ಸಿಕ್ಕಿದಂತಾಯಿತು. ಇದನ್ನು ಒತ್ತಿದರೆ ಏನಾಗುತ್ತದೆ, ಅದನ್ನು ಒತ್ತಿದರೆ ಏನಾಗುತ್ತದೆ ಎಂದು ಆ ಹುಡುಗನ ಜೀವ ತಿಂದೆ. ಕನ್ನಡದ ಪಾಠಗಳನ್ನು ಯಂತ್ರವೇ ಡಬ್ಬದೊಳಗೆ ಕೂತವರ ಹಾಗೆ ಓದುತ್ತಿದ್ದುದನ್ನು ಕೇಳಲಾಗದೆ, ನಾನೇ ಓದುತ್ತೇನೆಂದೆ. ಲಿನನ್ ಕೋಣೆಯ ಕಂಬಳಿಗಳ ನಡುವೆ ನನ್ನನ್ನು ಕೂರಿಸಿ ನಿಖಿಲ್ ದನಿ ಮುದ್ರಿಸಿಕೊಂಡ. ಅಷ್ಟಕ್ಕೆ ಸುಮ್ಮನಿರದೆ, ನನ್ನದೂ ಒಂದು ನಿಯಮ ಸೇರಿಸಿದೆ. ಸೇರುವ ದಿನ ಸಂಜೆಯೊಳಗೆ ಎಲ್ಲ ಸರಿಯಾಗಿ ಮುಗಿಯದಿದ್ದರೆ, ಇಲ್ಲವೇ ನಡುವೆ ರದ್ದಾದರೆ, ಆ ಸೀಟು ತಾನಾಗಿ ಕಾಯುವವರ ಸಾಲಿನ ಮುಂದಿನವರಿಗೆ ಹೋಗಬೇಕು. ಬರುತ್ತೇನೆ ಬರುತ್ತೇನೆ ಎಂದು ತಿಂಗಳುಗಟ್ಟಲೆ ಕಾಯಿಸುತ್ತಿದ್ದವರ ಮೇಲಿನ ನನ್ನ ಹಳೆಯ ಸಿಟ್ಟು ಅದು. ಟ್ರಸ್ಟಿಗಳು "ವಾಹ್" ಎಂದು ಸಹಿ ಹಾಕಿಯೇಬಿಟ್ಟರು.

ಈ ಯಂತ್ರದಲ್ಲಿ ಬಂದ ಮೊದಲ ತಂಡದಲ್ಲಿ ಭಾಗ್ಯಶ್ರೀ ಎಂಬ ಹುಡುಗಿ ಇದ್ದಳು. ಕಲಬುರಗಿ ಕಡೆಯವಳು. ಡಯಾಲಿಸಿಸ್ ವಿಭಾಗದಲ್ಲಿ ಖಾಲಿ ಇದ್ದ ಒಂದೇ ಒಂದು ಸೀಟಿಗೆ ಆಯ್ಕೆಯಾಗಿದ್ದಳು. ಫೋನಿನ ಸಂದರ್ಶನದಲ್ಲಿ ನಮ್ಮ ಮೇಟ್ರನ್ "ಯಾಕೆ ಡಯಾಲಿಸಿಸ್?" ಎಂದು ಕೇಳಿದಾಗ, "ಆ ಮಷೀನ ಒಂದು ಕಲೀಬೇಕಂತ ಭಾಳ ಆಸೆ ಅದರಿ, ನಮ್ಮ ಕಡಿ ಸಣ್ಣ ದವಾಖಾನ್ಯಾಗ ಅದು ಇಲ್ರಿ" ಅಂದಿದ್ದಳು. ಯಂತ್ರದ ಆಸೆಯ ಇನ್ನೊಂದು ಜೀವ ಸಿಕ್ಕಿತಲ್ಲ ಎಂದು ನನಗೆ ಅಲ್ಲೇ ಅವಳ ಮೇಲೆ ಪ್ರೀತಿ ಹುಟ್ಟಿತ್ತು. ಮನೆಯಲ್ಲಿ ಅಪ್ಪನನ್ನು ಒಪ್ಪಿಸಲು ವರ್ಷವೇ ಹಿಡಿಯಿತಂತೆ. ಕೊನೆಗೆ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಶಹಾಡ್‌ನಲ್ಲಿರುವ ಸೋದರಮಾವನ ಮನೆಯಲ್ಲೇ ಇರಬೇಕು, ಹೋದ ದಿನವೇ ಕೆಲಸಕ್ಕೆ ಸೇರಬೇಕು, ಏನಾದರೂ ಹೆಚ್ಚುಕಡಿಮೆಯಾದರೆ ಅದೇ ದಿನದ ಗಾಡಿಗೆ ವಾಪಸು ಬರಬೇಕು, ಮತ್ತೆ ಮುಂಬೈ ಎಂಬ ಮಾತನ್ನು ಎತ್ತಕೂಡದು. ನನ್ನ ಪರದೆಯ ಮೇಲೆ ಎಲ್ಲರಿಗಿಂತ ಮೊದಲು ಹಸಿರಾದದ್ದು ಅವಳ ಹೆಸರೇ. ನಿಖಿಲ್‌ಗೆ ತೋರಿಸಿ, "ನೋಡು, ನಮ್ಮ ಕಲಬುರಗಿ ಹುಡುಗಿ" ಎಂದು ನನ್ನದೇ ಮಗಳು ಎಂಬಂತೆ ಬೀಗಿದ್ದೆ.

ಸೋಮವಾರ ಬೆಳಿಗ್ಗೆ ಗೇಟಿನ ವಾಚ್‌ಮನ್ ಫೋನ್ ಮಾಡಿದ. "ಮ್ಯಾಡಂ, ಜರಾ ಆವೋ. ಇಧರ್ ಸಿಸ್ಟರ್ ಕೌನ್ ಹೈ ಸಮಝ್ ಮೇ ನಹೀಂ ಆ ರಹಾ." ಸಿಸ್ಟರ್ ಯಾರೆಂದು ತಿಳಿಯದಿರಲು ಏನಿದೆ ಎಂದುಕೊಂಡು ಹೋದೆ. ಗೇಟಿನಲ್ಲಿ ಹೊಸ ಚಪ್ಪಲಿ ಹಾಕಿಕೊಂಡ ತೆಳ್ಳನೆಯ ಹುಡುಗಿಯೊಬ್ಬಳು, ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ, ದಪ್ಪ ಮೀಸೆಯ, ಎತ್ತರದ ಗಂಡಸು. ವಾಚ್‌ಮನ್ ಕೈಯಲ್ಲಿ ಅಚ್ಚಾಗಿ ಬಂದಿದ್ದ ಕಾರ್ಡು. ಅದರಲ್ಲಿ ಹೆಸರು ಭಾಗ್ಯಶ್ರೀ, ಹುದ್ದೆ ಸ್ಟಾಫ್ ನರ್ಸ್, ವಿಭಾಗ ಡಯಾಲಿಸಿಸ್. ಫೋಟೋ ಮಾತ್ರ ಮೀಸೆಯವರದು. ಕ್ಯಾಮೆರಾವನ್ನು ದಿಟ್ಟಿಸಿ, ಉಸಿರು ಬಿಗಿಹಿಡಿದು, ಯಾವ ತಪ್ಪನ್ನೂ ಮಾಡದ ಮನುಷ್ಯನ ಗಾಂಭೀರ್ಯದಲ್ಲಿ ನಿಂತಿದ್ದರು.

ಭಾಗ್ಯಶ್ರೀ ಕಾರ್ಡು ನೋಡಿದಳು, ಮಾವನನ್ನು ನೋಡಿದಳು. "ಮಾಮಾ, ಇದು ನಿಮ್ಮ ಫೋಟೋ ಅದ!"

"ಹೌದವ್ವಾ. ಮುಖ ಸೀದಾ ಇಟ್ಟು ನೋಡ್ರಿ ಅಂತು. ನೋಡ್ದೆ."

ಇಬ್ಬರನ್ನೂ ನನ್ನ ಕೋಣೆಗೆ ಕರೆತಂದು ಕೂರಿಸಿದೆ. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, ಆ ಮಾವನ ಮುಖ ಅರಳಿತು. ಅವರ ಹೆಸರು ಮಲ್ಲಪ್ಪ, ಶಹಾಡ್‌ನ ಒಂದು ಕಾರ್ಖಾನೆಯಲ್ಲಿ ಲೋಡಿಂಗ್ ಕೆಲಸ. "ಅಯ್ಯ, ಮೇಡಮ್ಮೋರೇ, ನಿಮ್ಮ ದನಿ ನನಗ ಗುರ್ತು ಅದರಿ! ಕೈ ತೊಳೀರಿ, ಕೈ ತೊಳೀರಿ ಅಂತ ದಿನಾ ಹೇಳ್ತಿದ್ರಲ್ರಿ. ನಮ್ಮ ಗೋಡೌನಿನ ಮಂದಿಗೆಲ್ಲ ನಿಮ್ಮ ದನಿ ಗುರ್ತು ಅದ." ನನ್ನ ದನಿಗೆ ಇಂಥದೊಂದು ಕೀರ್ತಿ ಬರುತ್ತದೆಂದು ಕಂಬಳಿಗಳ ನಡುವೆ ಕೂತಾಗ ನನಗೆ ಹೊಳೆದಿರಲಿಲ್ಲ.

ಆಮೇಲೆ ಒಂದೊಂದಾಗಿ ತಿಳಿಯಿತು. ಹೆಣ್ಣುಮಗಳ ನಂಬರು ಕಂಡಕಂಡಲ್ಲಿ ಬರೆಯಬಾರದು ಎಂಬುದು ಭಾಗ್ಯಶ್ರೀಯ ಅಪ್ಪನ ಕಟ್ಟುನಿಟ್ಟು. ಮೇಲಾಗಿ ಮುಂಬೈ ಕಡೆಯ ಕೆಲಸಕ್ಕೆ ಮುಂಬೈ ಕಡೆಯ ನಂಬರೇ ಇದ್ದರೆ ತೂಕ ಎಂದು ಅವರ ಲೆಕ್ಕ. ಅರ್ಜಿಯಲ್ಲಿ ಮಲ್ಲಪ್ಪನವರ ನಂಬರು ಹೋಯಿತು. ಸಂದರ್ಶನದ ದಿನ ಅವರು ಆ ಕರೆಯನ್ನು ಹೇಗೋ ಊರಿಗೆ ಜೋಡಿಸಿ ಮಾತಾಡಿಸಿದ್ದರು. ಆಮೇಲೆ ಯಂತ್ರ ಆ ನಂಬರನ್ನೇ ಹಿಡಿದು ಕೂತಿತು.

"ಅಲ್ಲ ಮಲ್ಲಪ್ಪನವರೇ, ಇಷ್ಟೆಲ್ಲ ನಿಮ್ಮನ್ನು ಕೇಳುವಾಗ ನಿಮಗೆ ಅನುಮಾನ ಬರಲಿಲ್ಲವೇ?"

"ಯಾಕ ಬರಬೇಕ್ರಿ? ಹೆಣ್ಣಮಗಳನ್ನ ಒಳಗ ಕರ್ಕೊಳೋ ಮಂದಿ, ಅಕಿ ಮನಿಯವರು ಹೆಂಗದಾರ ಅಂತ ನೋಡಂಗಿಲ್ಲೇನ್ರಿ? ಲಗ್ನದಾಗ ನೋಡಂಗಿಲ್ಲೇನು? ಭಾರೀ ಹುಷಾರಿ ದವಾಖಾನಿ ಅದ, ಮೊದಲ ಮಾವನ್ನ ಪರೀಕ್ಷಾ ಮಾಡ್ಲತ್ತಾರ ಅಂತ ನಾ ಅಂದ್ಕೊಂಡ್ನಿರಿ. ನಮ್ಮ ಅಕ್ಕಗ ಫೋನ್ ಮಾಡಿ ಹೇಳ್ದೆ, ನೀ ಚಿಂತಿ ಮಾಡಬ್ಯಾಡ, ಎಲ್ಲಾದ್ರಾಗೂ ನಾ ಪಾಸ್ ಆಗೀನಿ ಅಂತ."

ಹೆಣ್ಣಿನ ಕಡೆಯವರನ್ನು ಗಂಡಿನ ಕಡೆಯವರು ನೋಡುವ ಹಾಗೆ, ಆಸ್ಪತ್ರೆ ತಮ್ಮನ್ನು ನೋಡುತ್ತಿದೆ ಎಂದುಕೊಂಡು ಆ ಪುಣ್ಯಾತ್ಮ ಮನೆತನದ ಮರ್ಯಾದೆ ಉಳಿಸಿದ್ದರು. ಸರ್ಟಿಫಿಕೇಟಿನ ಫೋಟೋಗಳನ್ನು ಮಾತ್ರ ಊರಿನಿಂದ ತರಿಸಿ ಹಾಕಿ, ಯೂನಿಫಾರ್ಮಿನ ಅಳತೆ ಕೇಳಿದರೆ ತಮ್ಮದೇ ಕೊಟ್ಟಿದ್ದರು. ಬಂದಿದ್ದ ಪೊಟ್ಟಣ ಬಿಚ್ಚಿ ನೋಡಿದರೆ, ಆ ಟ್ಯೂನಿಕ್ಕಿನೊಳಗೆ ಭಾಗ್ಯಶ್ರೀ ಮತ್ತು ಅವಳ ಗೆಳತಿಯರು ಒಟ್ಟಿಗೆ ಡ್ಯೂಟಿ ಮಾಡಬಹುದಿತ್ತು. ಯಾವುದಾದರೂ ವಸ್ತು ನಿಮ್ಮ ಮೈಗೆ ಆಗುವುದಿಲ್ಲವೇ ಎಂಬ ಪ್ರಶ್ನೆಗೆ "ಬದನಿಕಾಯಿ" ಎಂದು ಬರೆಸಿದ್ದರು. ಸೋದರಸೊಸೆಗೆ ಬದನೆಕಾಯಿ ಎಣ್ಣೆಗಾಯಿ ಎಂದರೆ ಪ್ರಾಣವಂತೆ. ಇನ್ನು ಪಾಠಗಳು. ಊಟದ ಬಿಡುವಿನಲ್ಲಿ ಕಾರ್ಖಾನೆಯ ಗೇಟಿನ ಹೊರಗೆ ಗೋಡೌನಿನ ಗೆಳೆಯರೆಲ್ಲ ಸುತ್ತ ಕೂತು ನನ್ನ ದನಿ ಕೇಳುತ್ತಿದ್ದರು, ಪ್ರಶ್ನೆ ಬಂದಾಗ ಕೈಯೆತ್ತಿ ಬಹುಮತದಿಂದ ಉತ್ತರಿಸುತ್ತಿದ್ದರು. ಸೂಜಿ ಚುಚ್ಚಿಕೊಂಡರೆ ಮೊದಲು ಏನು ಮಾಡಬೇಕು ಎಂಬುದಕ್ಕೆ ಸುಣ್ಣ ಹಚ್ಚಬೇಕೆಂದು ಎಲ್ಲರೂ ಒಪ್ಪಿದರೂ, ಆ ಉತ್ತರ ಪರದೆಯಲ್ಲಿ ಇರಲೇ ಇಲ್ಲವಂತೆ. "ತಪ್ಪಾದ್ರ ಮತ್ತೊಮ್ಮೆ ಒತ್ರಿ ಅಂತಿತ್ತು. ಒತ್ತಿಕೋತ ಹೋದ್ವಿ. ಹಸಿರ ಆಗೋತನಕ ಬಿಡಲಿಲ್ರಿ" ಎಂದರು ಮಲ್ಲಪ್ಪ.

ನನಗೆ ನಗು ಒಂದು ಕಡೆ, ಕುತೂಹಲ ಇನ್ನೊಂದು ಕಡೆ. ಆ ಯಂತ್ರ ಮೀಸೆಯನ್ನು ಕಂಡಾಗ ಏನೆಂದುಕೊಂಡಿರಬಹುದು? ನಿಖಿಲ್‌ಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು ಮೊದಲು ಕೇಳಿದ್ದೇ ಅದನ್ನು. ಅದು ನೋಡುವುದು ಇಷ್ಟೇ ಎಂದ: ಒಂದೇ ಮುಖ ಇರಬೇಕು, ಎರಡು ಕಣ್ಣು ತೆರೆದಿರಬೇಕು, ಬೆಳಕು ಸರಿಯಿರಬೇಕು. ಯೋಚಿಸಿ ನೋಡಿದರೆ ನಮ್ಮಲ್ಲಿ ಎಷ್ಟೋ ಸಂಬಂಧಗಳು ಇದಕ್ಕಿಂತ ಹೆಚ್ಚಿನ ವಿಚಾರಣೆಯಿಲ್ಲದೆ ಕೂಡಿಬಂದಿವೆ. ಸರಿ, ಈಗ ಇದನ್ನು ರದ್ದು ಮಾಡಿ ಹೊಸದಾಗಿ ಶುರುಮಾಡೋಣ ಎಂದೆ. ನಿಖಿಲ್ ಅಲ್ಲೇ ತಡೆದ.

"ಆಂಟಿ, ಕ್ಯಾನ್ಸಲ್ ಕಿಯಾ ತೋ ಸೀಟ್ ಅಪ್ನೇ ಆಪ್ ವೇಟಿಂಗ್‌ವಾಲೇ ಕೋ ಚಲಾ ಜಾಯೇಗಾ. ವೋ ರೂಲ್ ಆಪ್‌ನೇ ಹೀ ಡಾಲಾ ಥಾ ನಾ?"

ಹೌದು, ರದ್ದಾದರೆ ಸೀಟು ಸಾಲಿನ ಮುಂದಿನವರಿಗೆ ಎಂಬುದು ನಾನೇ ಹಾಕಿಸಿದ್ದ ನಿಯಮ. ಅದನ್ನು ತೆಗೆಯಬೇಕಾದರೆ ಟ್ರಸ್ಟಿಗಳೆಲ್ಲ ಮತ್ತೆ ಸಭೆ ಸೇರಬೇಕು. ಎದುರಿಗೆ ಭಾಗ್ಯಶ್ರೀ ಆ ದೊಡ್ಡ ಟ್ಯೂನಿಕ್ಕನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳಿಗೆ ಹಿಂದಿ ಪೂರ್ತಿ ಬಾರದಿದ್ದರೂ "ಕ್ಯಾನ್ಸಲ್" ಎಂಬ ಶಬ್ದ ಅರ್ಥವಾಗಿತ್ತು. "ಮೇಡಂ, ಇವತ್ತ ಆಗಲಿಲ್ಲಂದ್ರ ನಮ್ಮಪ್ಪ ನನ್ನ ವಾಪಸ್ ಕರ್ಸತಾನ್ರಿ" ಅಂದಳು, ಅಳು ಬಾರದ ಹಾಗೆ ದನಿಯನ್ನು ಗಟ್ಟಿ ಮಾಡಿಕೊಂಡು. ಮಲ್ಲಪ್ಪನವರ ಮೀಸೆ ಮೊದಲ ಸಲ ಸ್ವಲ್ಪ ಇಳಿಯಿತು.

ನಿಖಿಲ್ ಒಂದು ಸುಲಭದ ದಾರಿ ಹೇಳಿದ. ಎಲ್ಲ ಹಸಿರಾಗಿಯೇ ಇದೆಯಲ್ಲ, ಹಾಗೇ ಬಿಟ್ಟುಬಿಡಿ, ಫೋಟೋ ಮಾತ್ರ ಬದಲಿಸಿ, ಪಾಠ ಮುಗಿದಿದೆ ಎಂದೇ ಇರಲಿ. ನಾನು ಆಸೆಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಕೋಣೆಯ ಎದುರಿನ ಬೆಂಚಿನಲ್ಲಿ ಡಯಾಲಿಸಿಸ್‌ಗೆ ಬಂದವರು ಕೂತಿರುತ್ತಾರೆ, ತೋಳಿಗೆ ಪಟ್ಟಿ ಕಟ್ಟಿಕೊಂಡು, ಟಿಫಿನ್ ಡಬ್ಬಿ ಹಿಡಿದುಕೊಂಡು. ಮೈಯೊಳಗಿನ ರಕ್ತವನ್ನೆಲ್ಲ ಕೊಳವೆಯಲ್ಲಿ ಹೊರಗೆ ಕಳಿಸಿ ವಾಪಸು ಬರುವುದನ್ನು ಕಾಯುವ ಜನ. ಶಹಾಡ್‌ನ ಗೋಡೌನಿನ ಬಹುಮತದ ಮೇಲೆ ಅವರನ್ನು ಬಿಡಲು ನನಗೆ ಧೈರ್ಯವಾಗಲಿಲ್ಲ. "ಇಲ್ಲ ನಿಖಿಲ್, ಪಾಠ ಅವಳೇ ಮಾಡಬೇಕು. ರದ್ದು ಮಾಡದೆ ಬೇರೆ ಯಾವುದನ್ನು ಒತ್ತಬಹುದು ಹೇಳು" ಎಂದೆ. ನನ್ನ ಶನಿ ಹೊಕ್ಕ ಬೆರಳಿಗೆ ಕೊನೆಗೂ ಒಂದು ಸತ್ಕಾರ್ಯ ಒದಗಿತ್ತು.

ಹುಡುಕಿದೆವು. ಫೋಟೋ ಬದಲಿಸುವ ಜಾಗದಲ್ಲಿ ಯಂತ್ರ ಕಾರಣ ಕೇಳುತ್ತದೆ. ಅದು ಒಪ್ಪುವ ಕಾರಣಗಳು ಮೂರೋ ನಾಲ್ಕೋ: ಕನ್ನಡಕ ಬಂದಿದೆ, ತೂಕ ಬದಲಾಗಿದೆ, ಗಡ್ಡ ಮೀಸೆ ತೆಗೆಯಲಾಗಿದೆ. ಬೇರೆಯೇ ಮನುಷ್ಯ ಎಂಬ ಕಾರಣವನ್ನು ಅದು ಕಲ್ಪಿಸಿಕೊಂಡಿರಲಿಲ್ಲ. ಮೀಸೆ ತೆಗೆಯಲಾಗಿದೆ ಎಂಬುದನ್ನು ಒತ್ತಿ, ಗೋಡೆಗೆ ಆನಿಸಿ ಭಾಗ್ಯಶ್ರೀಯ ಫೋಟೋ ತೆಗೆದೆ. ಯಂತ್ರ ಸಂತೋಷದಿಂದ ಒಪ್ಪಿತು. ಪಾಠ ಮತ್ತೆ ಮಾಡಿಸಲು ಇದ್ದದ್ದು ಒಂದೇ ದಾರಿ, ಹೆರಿಗೆ ರಜೆ ಮುಗಿಸಿ ಬಂದವರ ಮರುತರಬೇತಿ. ಅದನ್ನೂ ಒತ್ತಿದೆ. ಹೀಗೆ ಬೆಳಿಗ್ಗೆ ಮೀಸೆಯೊಂದಿಗೆ ಕೆಲಸಕ್ಕೆ ಬಂದ ಭಾಗ್ಯಶ್ರೀ, ಚಹಾದ ಹೊತ್ತಿಗೆ ಮೀಸೆ ಬೋಳಿಸಿಕೊಂಡು, ಆಮೇಲೆ ಬಾಣಂತನವನ್ನೂ ಮುಗಿಸಿ ಪಾಠಕ್ಕೆ ಕೂತಳು.

ಪಾಠದ ಹೊತ್ತಿಗೆ ಮಲ್ಲಪ್ಪನವರನ್ನು ಸುಮ್ಮನಿರಿಸುವುದೇ ಕಷ್ಟವಾಯಿತು. ಪರದೆಯಲ್ಲಿ ಪ್ರಶ್ನೆ ಮೂಡುವ ಮೊದಲೇ, "ಎರಡನೇದು ಒತ್ತವ್ವಾ, ಒಂದನೇದು ಒತ್ತಿದ್ರ ಕೆಂಪ ಆಗ್ತದ" ಅನ್ನುತ್ತಿದ್ದರು. "ಮಾಮಾ, ನಾ ನರ್ಸಿಂಗ್ ಓದೀನಿ. ನೀವು ಸುಮ್ಮ ಕೂಡ್ರಿ" ಎಂದು ಅವಳು ಗದರಿದಳು. ಮಧ್ಯಾಹ್ನ ಅವರು ತಮ್ಮ ಪಾಳಿಗೆಂದು ಶಹಾಡ್‌ಗೆ ಹೋದ ಮೇಲೆ ಅವಳು ಒಬ್ಬಳೇ ಕೂತು ಎಲ್ಲ ಮುಗಿಸಿದಳು. ಮೇಟ್ರನ್ ವಾರ್ಡಿಗೆ ಕರೆದೊಯ್ದು ಕೈ ತೊಳೆಸಿ, ಗ್ಲೌಸ್ ಹಾಕಿಸಿ ನೋಡಿ, ಹುಡುಗಿ ಪರವಾಗಿಲ್ಲ ಎಂದು ತಲೆಯಾಡಿಸಿದರು. ಅವರ ಬಾಯಲ್ಲಿ ಅದು ಪದ್ಮಶ್ರೀಗೆ ಸಮ.

ಎಲ್ಲ ಮುಗಿಯಿತೆಂದು ಕೊನೆಯ ಬಟನ್ ಒತ್ತಿದೆ. ಹೆಸರು ಹಸಿರಾಗಲಿಲ್ಲ, ಹಳದಿಯಲ್ಲೇ ನಿಂತಿತು. ಫೋಟೋದ ಜೊತೆಗೆ ಭಾಗ್ಯಶ್ರೀಯ ಸ್ವಂತ ನಂಬರನ್ನೂ ಹಾಕಿದ್ದೆ, ಅದನ್ನು ಒಪ್ಪಬೇಕಾದರೆ ಹಳೆಯ ನಂಬರಿಗೆ ಹೋದ ಓಟಿಪಿಯನ್ನು ತುಂಬಬೇಕಂತೆ. ಹಳೆಯ ನಂಬರು ಮಲ್ಲಪ್ಪನವರದು. ಅವರ ಕಾರ್ಖಾನೆಯಲ್ಲಿ ಫೋನುಗಳನ್ನು ಗೇಟಿನಲ್ಲೇ ಇಟ್ಟು ಒಳಗೆ ಹೋಗಬೇಕು. ಗಂಟೆ ಹೊಡೆದೇ ಹೊಡೆಯಿತು, ಯಾರೂ ಎತ್ತಲಿಲ್ಲ. ಗಡಿಯಾರ ನೋಡಿದೆ. ಸಂಜೆಯಾಗಲು ಬಹಳ ಹೊತ್ತಿರಲಿಲ್ಲ, ಕಾಯುವವರ ಸಾಲಿನ ಮುಂದಿನ ಹುಡುಗಿಯ ಹೆಸರು ಕೆಳಗೆ ಮಿಣುಕುತ್ತಿತ್ತು. ಭಾಗ್ಯಶ್ರೀಯ ಕೈ ಹಿಡಿದು ಎಳೆದುಕೊಂಡು ರಿಕ್ಷಾ ಹತ್ತಿದೆ.

ಕಲ್ಯಾಣದಿಂದ ಶಹಾಡ್ ಪಕ್ಕದ ಸ್ಟೇಷನ್ನು, ನಿಜ. ಆದರೆ ಸಂಜೆಯ ಟ್ರಾಫಿಕ್ಕಿನಲ್ಲಿ ಅದು ಪಕ್ಕದ ರಾಜ್ಯ. ರಿಕ್ಷಾದಲ್ಲಿದ್ದಾಗ ಭಾಗ್ಯಶ್ರೀಯ ಫೋನಿಗೆ ಅಪ್ಪನ ಕರೆ ಬಂತು. "ಆಗ್ಲತ್ತದಪ್ಪಾ, ಇನ್ನೊಂದ್ ಸಣ್ಣ ಕೆಲಸ ಉಳದದ" ಅಂದು ಇಟ್ಟಳು. ಕಾರ್ಖಾನೆಯ ಗೇಟಿನವನಿಗೆ ಮರಾಠಿಯಲ್ಲಿ ಕಾಡಿ ಬೇಡಿ ಮಲ್ಲಪ್ಪನವರನ್ನು ಹೊರಗೆ ಕರೆಸಿದೆ. ತಲೆಗೆ ಟವೆಲ್ ಸುತ್ತಿ, ಧೂಳುಮಯವಾಗಿ ಬಂದು, ಗೇಟಿನ ಕಪಾಟಿನಿಂದ ಫೋನು ತೆಗೆದುಕೊಂಡರು. ನಾನು ನನ್ನ ಫೋನಿನಿಂದ ಓಟಿಪಿ ಮತ್ತೆ ಕಳಿಸಿದೆ. ಅವರ ಫೋನು ಟಿಣ್ ಅಂದಿತು.

"ಬಂತಲ್ಲ, ಬೇಗ ಹೇಳಿ ಮಲ್ಲಪ್ಪನವರೇ!"

ಅವರು ಫೋನನ್ನು ಎದೆಗೆ ಒತ್ತಿಕೊಂಡರು. "ಓಟಿಪಿ ಹ್ಯಾಂಗ ಹೇಳ್ಲಿಕ್ಕಾಗ್ತದ್ರಿ ಮೇಡಮ್ಮೋರೇ?"

"ನಾನೇ ಕೇಳುತ್ತಿದ್ದೇನಲ್ಲ!"

"ಅದಕ್ಕೇರಿ. ನೀವಽ ಹೇಳೀರಿ ಪಾಠದಾಗ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ, ಆಸ್ಪತ್ರಿಯವ್ರು ಅಂತ ಹೇಳಿಕೊಂಡು ಬಂದು ಕೇಳಿದ್ರೂ ಹೇಳಬ್ಯಾಡ್ರಿ ಅಂತ. ಅದೊಂದು ಪ್ರಶ್ನಾ ಮಾತ್ರ ನಾವು ಒಂದೇ ಸಲಕ್ಕ ಸರಿ ಹೊಡದೀವಿ. ನಮ್ಮ ಗೋಡೌನಿನಾಗ ಒಬ್ಬಗ ಹಂಗ ಮೋಸ ಆಗ್ಯದ್ರಿ."

"ಮಾಮಾ, ಇವರು ಖರೇನ ಮೇಡಂ ಅದಾರ! ನನ್ನ ನೌಕರಿ ಹೋಗ್ತದ ಮಾಮಾ!" ಎಂದು ಭಾಗ್ಯಶ್ರೀ ರಸ್ತೆಯಲ್ಲೇ ಕಾಲು ನೆಲಕ್ಕೆ ಅಪ್ಪಳಿಸಿದಳು.

"ತಡಿಯವ್ವ, ನೌಕರಿ ಯಾಕ ಹೋಗ್ತದ? ನಾ ಹೇಳಂಗಿಲ್ಲ ಅಂದೀನಿ, ಹಾಕಂಗಿಲ್ಲ ಅಂದಿಲ್ಲ." ನನ್ನ ಕೈಯಿಂದ ಫೋನು ಇಸಿದುಕೊಂಡು, ನಮಗಿಬ್ಬರಿಗೂ ಬೆನ್ನು ತಿರುಗಿಸಿ, ಗೇಟಿನವನೂ ಇಣುಕದ ಹಾಗೆ ಟವೆಲ್ಲಿನ ಚುಂಗನ್ನು ಮರೆಮಾಡಿ, ಒಂದೊಂದೇ ಅಂಕಿಯನ್ನು ಒತ್ತಿದರು. ಮೊದಲ ಸಲ ಸಮಯ ಮೀರಿತು. ಮತ್ತೆ ಕಳಿಸಿದೆ, ಮತ್ತೆ ಬೆನ್ನು ತಿರುಗಿಸಿದರು. ನಾನು ಅವರ ಬೆನ್ನನ್ನು ನೋಡುತ್ತ, ಇಷ್ಟು ಅಗಲದ ಬೆನ್ನಿಗೆ ಅಷ್ಟು ದೊಡ್ಡ ಟ್ಯೂನಿಕ್ಕು ಸರಿಯಾಗಿಯೇ ಹೊಂದುತ್ತಿತ್ತಲ್ಲ ಎಂದುಕೊಳ್ಳುತ್ತಿದ್ದೆ. ತಿರುಗಿ ಫೋನು ಕೊಟ್ಟರು. ಹೆಸರು ಹಸಿರಾಗಿತ್ತು. ಭಾಗ್ಯಶ್ರೀ ಮಾವನ ಧೂಳಿನ ತೋಳಿಗೆ ತಲೆಯಿಟ್ಟು ಅಳಲಾರಂಭಿಸಿದಳು. ಅವರು "ಹುಚ್ಚಿ, ಪಾಸಾದ ಮ್ಯಾಲ ಯಾರರ ಅಳ್ತಾರೇನು?" ಎಂದು ಅವಳ ಕಣ್ಣೊರೆಸಲು ಹೋಗಿ, ತಮ್ಮ ಕೈ ನೋಡಿಕೊಂಡು, ಮೊದಲು ಕೈ ತೊಳೆಯಲು ನಲ್ಲಿಯ ಕಡೆ ನಡೆದರು.

ಭಾಗ್ಯಶ್ರೀ ಈಗ ಡಯಾಲಿಸಿಸ್‌ನಲ್ಲಿದ್ದಾಳೆ. ಯಂತ್ರದ ಯಾವ ಕೊಳವೆ ಎಲ್ಲಿಗೆ ಹೋಗುತ್ತದೆ ಎಂದು ನನಗೂ ಒಮ್ಮೆ ತೋರಿಸಿದಳು, ನನ್ನ ಕೈಗಳನ್ನು ಹಿಂದೆ ಕಟ್ಟಿಕೊಳ್ಳಬೇಕೆಂಬ ಷರತ್ತಿನ ಮೇಲೆ. ಈ ಕಥೆಯನ್ನು ನಾನು ಆ ವಾರವಿಡೀ ಕ್ಯಾಂಟೀನಿನಲ್ಲಿ, ಲೋಕಲಿನ ಲೇಡೀಸ್ ಡಬ್ಬಿಯಲ್ಲಿ, ಮನೆಯಲ್ಲಿ ಹೇಳಿ ನಗಿಸಿದೆ. ಅದರಲ್ಲೂ ಆ ಅಪ್ಪನ ಬುದ್ಧಿಯನ್ನು ಆಡಿಕೊಂಡೆ. ಈ ಕಾಲದಲ್ಲೂ ದುಡಿಯುವ ಹೆಣ್ಣಿನ ಹೆಸರಿನ ಮುಂದೆ ಗಂಡಸಿನ ನಂಬರು ಬರೆಯುವವರು ಇದ್ದಾರಲ್ಲ ಎಂದು ನಾಲ್ಕು ಒಳ್ಳೆಯ ಮಾತುಗಳನ್ನೂ ಹೇಳಿದೆ.

ಮುಂದಿನ ವಾರ ನನ್ನ ಪರದೆಯ ಮೇಲೆ ಒಂದು ಕೆಂಪು ಸೂಚನೆ ಬಂದು ಕೂತಿತ್ತು. ನಂಬರು ಬದಲಾದ ಮೇಲೆ ಯಂತ್ರ ಹಳೆಯ ನಂಬರಿನವರಿಗೆ, ನಿಮ್ಮ ಓಟಿಪಿಯನ್ನು ಯಾರಾದರೂ ಕೇಳಿದರೇ ಎಂದು ವಿಚಾರಿಸುತ್ತದಂತೆ. ಪ್ರಾಮಾಣಿಕರಾದ ಮಲ್ಲಪ್ಪನವರು ಹೌದು ಎಂದು ಒತ್ತಿದ್ದರು. ಯಾವ ವಿಭಾಗದವರು ಎಂದದ್ದಕ್ಕೆ ಸಿಬ್ಬಂದಿ ವಿಭಾಗ ಎಂದೂ ಒತ್ತಿದ್ದರು. ಹಾಗಾಗಿ ಸಿಬ್ಬಂದಿ ಅಧಿಕಾರಿಗಳು ಓಟಿಪಿಯ ಆ ಪಾಠವನ್ನು ಇಂದೇ ಮತ್ತೆ ಕಲಿಯತಕ್ಕದ್ದು, ತಪ್ಪಿದಲ್ಲಿ ನಾಳೆ ಗೇಟಿನಲ್ಲಿ ಅವರ ಕಾರ್ಡು ನಡೆಯುವುದಿಲ್ಲ. ಕೆಳಗೆ ಸಹಿ: ಸಿಬ್ಬಂದಿ ಅಧಿಕಾರಿ. ನನಗೆ ನಾನೇ ಕೊಟ್ಟ ನೋಟೀಸು. ಸರಿ, ನನ್ನ ದನಿಯಲ್ಲೇ ನನಗೆ ಬುದ್ಧಿ ಹೇಳಿಸಿಕೊಳ್ಳೋಣ ಎಂದು ಪಾಠ ತೆರೆಯಲು ಹೋದರೆ, ನಿಮ್ಮ ನೋಂದಾಯಿತ ನಂಬರಿಗೆ ಓಟಿಪಿ ಕಳಿಸಿದೆ ಎಂದಿತು. ನನ್ನ ಫೋನು ಸುಮ್ಮನಿತ್ತು. ಪರದೆಯಲ್ಲಿ ಕಾಣುತ್ತಿದ್ದ ಕೊನೆಯ ಎರಡು ಅಂಕಿಗಳನ್ನು ನೋಡಿದೆ. ಅದು ನನ್ನ ಯಜಮಾನರ ನಂಬರು. ನಾನು ಕೆಲಸಕ್ಕೆ ಸೇರಿದಾಗ ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದು ಅವರ ಕಿಸೆಯಲ್ಲಿರುತ್ತಿತ್ತು. ಅಂದು ಬರೆದದ್ದನ್ನು ಯಂತ್ರ ನಿಷ್ಠೆಯಿಂದ ಎತ್ತಿಟ್ಟುಕೊಂಡಿತ್ತು.

ಆಡಿಕೊಂಡ ಮಾತುಗಳನ್ನೆಲ್ಲ ನುಂಗಿಕೊಂಡು ಆಸ್ಪತ್ರೆಯ ಫೋನಿನಿಂದ ಮನೆಗೆ ಕರೆ ಮಾಡಿದೆ. ಯಜಮಾನರು ನಿವೃತ್ತರಾದ ಮೇಲೆ ಬೆಳಗಿನಿಂದ ಸಂಜೆಯವರೆಗೆ ಫೋನಿನಲ್ಲಿ ಮೋಸಗಳ ಸುದ್ದಿಯನ್ನೇ ಓದುತ್ತಾರೆ.

"ರೀ, ನಿಮ್ಮ ಫೋನಿಗೆ ಈಗ ಒಂದು ಓಟಿಪಿ ಬಂದಿದೆ, ಸ್ವಲ್ಪ ಹೇಳಿ."

"ಯಾರು ಮಾತಾಡುದು?"

"ನಾನೇ ಕಣ್ರೀ, ನಿಮ್ಮ ಹೆಂಡತಿ."

"ಸ್ವರ ಅವಳದ್ದೇ ಉಂಟು. ಆದ್ರೆ ಈಗ ಸ್ವರವನ್ನೂ ಮಿಶನಿನಲ್ಲಿ ಮಾಡ್ತಾರಂತೆ. ಅವಳ ಸ್ವರವೂ ಆ ಪಾಠದ ವಿಡಿಯೋದಲ್ಲಿ ಊರೆಲ್ಲ ತಿರುಗ್ತಾ ಉಂಟು. ಬೆಳಿಗ್ಗೆ ಎಂತ ತಿಂಡಿ ಮಾಡಿದ್ದು, ಹೇಳು ನೋಡುವ."

"ನೀರುದೋಸೆ."

"ಚಟ್ನಿ ಹೇಗಿತ್ತು?"

ಓಟಿಪಿಯ ಆಯುಷ್ಯ ಮುಗಿಯುತ್ತ ಬಂದಿತ್ತು. ವಾದಕ್ಕೆ ಸಮಯವಿರಲಿಲ್ಲ. "ಉಪ್ಪು ಸ್ವಲ್ಪ ಹೆಚ್ಚಾಗಿತ್ತು" ಎಂದು ಒಪ್ಪಿಕೊಂಡೆ.

ಯಜಮಾನರು ಶಾಂತವಾಗಿ, "ನನ್ನ ಹೆಂಡತಿ ಇಷ್ಟು ವರ್ಷದಲ್ಲಿ ಒಮ್ಮೆಯೂ ಇದನ್ನು ಒಪ್ಪಿದವಳಲ್ಲ. ಇದು ಮಿಶನೇ" ಎಂದು ಫೋನು ಇಟ್ಟುಬಿಟ್ಟರು.